ರೆನಾಟಾ: ಒಂದು ಕಾದಂಬರಿ ಹುಟ್ಟಿದ ಬಗೆ

1908ರಲ್ಲಿ ಮಾಸ್ಕೋ ನಗರದ ‘ಸ್ಕಾರ್ಪಿಯನ್’ ಪ್ರಕಾಶನದಿಂದ ಹೊರಬಂದ ‘ಅಗ್ನಿದೂತ’ ಎಂಬ ರಷ್ಯನ್ ಕಾದಂಬರಿಯು ತಾನು ಕಾದಂಬರಿಯೆಂಬುದನ್ನೇ ಒಪ್ಪಿಕೊಳ್ಳುವುದಿಲ್ಲ. ಹದಿನಾರನೆಯ ಶತಮಾನದ ಜರ್ಮನ್ ಸೈನಿಕನೊಬ್ಬನು ತನ್ನ ಕೈಯಾರೆ ಬರೆದಿಟ್ಟ ಹಸ್ತಪ್ರತಿಯ ಅನುವಾದ ತಾನೆಂದು ಅದು ಪೀಠಿಕೆಯಲ್ಲಿಯೇ ಹೇಳಿಕೊಳ್ಳುತ್ತದೆ. ಹೊಸ ಪ್ರಪಂಚದಿಂದ ಹಿಂದಿರುಗುತ್ತಿರುವ ರೂಪ್ರೆಖ್ಟನಿಗೆ ಹಾದಿಯ ಛತ್ರವೊಂದರಲ್ಲಿ ಭೂತಬಾಧೆಯಿಂದ ನರಳುವ ರೆನಾಟಾ ಎಂಬ ಹೆಣ್ಣು ದೊರೆಯುತ್ತಾಳೆ. ಬಾಲ್ಯದಲ್ಲಿ ತನಗೆ ಜ್ವಾಲಾಮಯನಾದ ದೇವದೂತನೊಬ್ಬನು ದರ್ಶನವೀಯುತ್ತಿದ್ದನೆಂದೂ, ಯೌವನ ಬಂದಾಗ ತಾನು ಆತನ ಅಂಗಸಂಗವನ್ನು ಬಯಸಲು ಆತನು ಕೋಪದಿಂದ ಅಂತರ್ಧಾನನಾದನೆಂದೂ, ಮುಂದೆ ಆತನೇ ಕೌಂಟ್ ಹೈನ್ರಿಖ್ ಎಂಬ ಮಾನವರೂಪದಿಂದ ಬಂದು ತನ್ನನ್ನು ಕೂಡಿದ್ದು ಕೊನೆಗೆ ತೊರೆದುಹೋದನೆಂದೂ ಆಕೆ ಹೇಳುತ್ತಾಳೆ. ಆಕೆಯ ಮೋಹಕ್ಕೆ ಸಿಕ್ಕಿದ ಸೈನಿಕನು ಆಕೆಗಾಗಿಯೇ ಆ ಇನ್ನೊಬ್ಬನನ್ನು ಹುಡುಕುತ್ತ ಕಲೋನ್ ನಗರವನ್ನು ಸುತ್ತುತ್ತಾನೆ, ಮಾಟಮಂತ್ರಕ್ಕೆ ಕೈಹಾಕುತ್ತಾನೆ, ಪಂಡಿತ ಅಗ್ರಿಪ್ಪನ ಬಾಗಿಲು ತಟ್ಟುತ್ತಾನೆ, ಕಡೆಗೆ ಹೈನ್ರಿಖನೊಡನೆ ದ್ವಂದ್ವಯುದ್ಧಕ್ಕಿಳಿದು ಗಾಯಗೊಳ್ಳುತ್ತಾನೆ.

ದೂರದ ಓದುಗರಿಗೆ ಇದು ಐತಿಹಾಸಿಕ ಕಾದಂಬರಿ. ಮಾಸ್ಕೋವಿನ ಸಾಹಿತ್ಯವಲಯಕ್ಕೆ ಮಾತ್ರ ಇದು ನೆರೆಮನೆಯ ವರ್ತಮಾನ. ಕಥೆ ಹೇಳುವ ರೂಪ್ರೆಖ್ಟನು ಗ್ರಂಥಕರ್ತನಾದ ವಲೇರಿ ಬ್ರ್ಯೂಸೊವನೇ ಎಂದೂ, ಹೈನ್ರಿಖನು ಕವಿ ಆಂದ್ರೇಯ್ ಬ್ಯೇಲಿಯೆಂದೂ, ರೆನಾಟಾ ಎಂದರೆ ನೀನಾ ಪೆಟ್ರೋವ್‌ಸ್ಕಾಯಾ ಎಂದೂ ಅಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನೀನಾ ಕಥೆಗಾರ್ತಿ, ಪತಿ ಸೆರ್ಗೇಯ್ ಸೊಕೊಲೊವನು ತಾನೂ ಕವಿ, ‘ಗ್ರಿಫ್’ ಎಂಬ ಪ್ರಕಾಶನದ ಒಡೆಯ. ಸಂಕೇತವಾದಿಗಳೆಂದು ಹೆಸರಾದ ಕವಿಗಳು ಆ ಮನೆಗೆ ಬಂದುಹೋಗುತ್ತಿದ್ದರು. ಈ ಪಂಥದವರಿಗೆ ಒಂದು ವಿಲಕ್ಷಣವಾದ ಹಂಬಲವಿತ್ತು: ಕಾವ್ಯವನ್ನು ಬರೆದರೆ ಸಾಲದು, ಬದುಕನ್ನೇ ಕಾವ್ಯವಾಗಿ ಕಟ್ಟಬೇಕು. ಲೌಕಿಕ ಭಾವಕ್ಕೂ ಕಾವ್ಯದ ರಸಕ್ಕೂ ನಡುವೆ ನಮ್ಮ ಆಲಂಕಾರಿಕರು ಅಷ್ಟು ಎಚ್ಚರದಿಂದ ಎಳೆದ ಗೆರೆಯನ್ನು ಇವರು ಬುದ್ಧಿಪೂರ್ವಕವಾಗಿಯೇ ಅಳಿಸಹೊರಟಿದ್ದರು. ಪ್ರೇಮವೆಂದರೆ ಸಾಧಾರಣವಾದ ಪ್ರೇಮವಾಗಿರಲಾಗದು, ಅದು ಯುಗಪರಿವರ್ತನೆಯ ಮುನ್ಸೂಚನೆಯಾಗಬೇಕು. ಕಲಹವೆಂದರೆ ಜ್ಯೋತಿಗೂ ತಮಸ್ಸಿಗೂ ನಡೆಯುವ ಸಂಗ್ರಾಮವಾಗಬೇಕು. ಇಂಥ ಆವರಣದಲ್ಲಿ ಅತಿ ಸೂಕ್ಷ್ಮ ಸ್ವಭಾವದ ಹೆಣ್ಣೊಬ್ಬಳು ನೆಮ್ಮದಿಯಾಗಿ ಬಾಳುವುದು ಸುಲಭವಾಗಿರಲಿಲ್ಲ.

ಬ್ಯೇಲಿಯ ನಿಜನಾಮ ಬೊರೀಸ್ ಬುಗಾಯೆವ್. ಮಾಸ್ಕೋ ವಿಶ್ವವಿದ್ಯಾನಿಲಯದ ಪ್ರಸಿದ್ಧ ಗಣಿತಜ್ಞನ ಮಗ. 1903ರಲ್ಲಿ ಇನ್ನೂ ಇಪ್ಪತ್ತಮೂರರ ತರುಣ. ಹೊಂಗೂದಲು, ನೀಲಿ ಕಣ್ಣು, ನಿಂತಲ್ಲಿ ನಿಲ್ಲದ ನಡಿಗೆ, ನಿಲ್ಲದ ಮಾತು. ನೀನಾಳಲ್ಲಿ ಆತನಿಗೆ ಕಂಡದ್ದು ಉದ್ಧಾರಕ್ಕಾಗಿ ಕಾದಿರುವ ಆತ್ಮ. ಆತನಲ್ಲಿ ಆಕೆಗೆ ಕಂಡದ್ದು ಸಾಕ್ಷಾತ್ ಉದ್ಧಾರಕ. ಕರಿಯ ಮರದ ಜಪಮಾಲೆಯನ್ನೂ ಅದಕ್ಕೆ ತೂಗುಬಿಟ್ಟ ದೊಡ್ಡ ಕರಿಯ ಶಿಲುಬೆಯನ್ನೂ ಆಕೆ ಕೊರಳಿಗೆ ಹಾಕಿಕೊಂಡಳು. ಅಂಥದೇ ಶಿಲುಬೆ ಆತನ ಕೊರಳಿನಲ್ಲಿಯೂ ಇದ್ದಿತು. ಗುರುಶಿಷ್ಯಭಾವದಿಂದ ಮೊದಲಾದದ್ದು ದಿನ ಕಳೆದಂತೆ ಸ್ತ್ರೀಪುರುಷರ ಪ್ರಣಯವೇ ಆಯಿತು, ಆಗಬಾರದ ಕಾರಣವೇನೂ ಇರಲಿಲ್ಲ. ಆದರೆ ಬ್ಯೇಲಿಗೆ ಅದು ಪತನವಾಗಿ ತೋರಿತು. 1904ರಲ್ಲಿ ಆತನು ಆಕೆಯಿಂದ ದೂರ ಸರಿದನು; ಹೆಚ್ಚು ಕಾಲ ಹೋಗುವ ಮೊದಲೇ ಆತನ ಆರಾಧನೆ ತನ್ನ ಮಿತ್ರನಾದ ಅಲೆಕ್ಸಾಂಡರ್ ಬ್ಲೋಕನ ಪತ್ನಿಯ ಕಡೆಗೆ ಹರಿಯಿತು. ದೇವದೂತನ ಅಂತರ್ಧಾನವೆಂದು ಕಾದಂಬರಿ ಹೇಳುವುದು ಇದನ್ನೇ.

ಬ್ರ್ಯೂಸೊವನು ರಂಗಕ್ಕೆ ಬಂದದ್ದು ಇಲ್ಲಿ. ಮೂವತ್ತು ದಾಟಿದ ಗೃಹಸ್ಥ, ವರ್ತಕ ಕುಲದವನು, ‘ತಕ್ಕಡಿ’ ಎಂಬರ್ಥದ ಹೆಸರುಳ್ಳ ಮಾಸಪತ್ರಿಕೆಯ ಸೂತ್ರಧಾರ, ಪಂಥಕ್ಕೆಲ್ಲ ನಾಯಕ. ಜೊತೆಗೆ ಮಂತ್ರತಂತ್ರಗಳ ಮೇಲಣ ಗ್ರಂಥಗಳನ್ನು ವಿದ್ವಾಂಸನ ಶಿಸ್ತಿನಿಂದ ಓದಿ ಪ್ರೇತಾವಾಹನದ ಗೋಷ್ಠಿಗಳಲ್ಲಿಯೂ ಕುಳಿತವನು. ಕೈಬಿಟ್ಟುಹೋದವನನ್ನು ಮಾಂತ್ರಿಕ ವಿಧಾನದಿಂದ ಮರಳಿ ಕರೆಯೋಣವೆಂದು ನೀನಾ ಈತನ ನೆರವನ್ನು ಬೇಡಿದಳು. ಇಬ್ಬರೂ ಸೇರಿ ಆ ಪ್ರಯೋಗಗಳನ್ನು ನಡೆಸಿದರು. ಓಡಿಹೋದವನು ಬರಲಿಲ್ಲ, ಕರೆಯಲು ಕುಳಿತ ಇಬ್ಬರು ಪರಸ್ಪರ ಬಂಧಿಗಳಾದರು. ಪೀಡಿತಳಾದ ಹೆಣ್ಣು, ಆಕೆಗಾಗಿ ಪ್ರತಿಸ್ಪರ್ಧಿಯನ್ನೇ ಆವಾಹನೆ ಮಾಡುವ ಗಂಡು, ಮಾಟಗಾತಿಯರ ಕಾಲದ ಜರ್ಮನಿ: ಮೂರೂ ಒಂದೆಡೆ ಕೂಡಿದ ಗಳಿಗೆ ಇದೇ ಇರಬೇಕು.

ಅಲ್ಲಿಂದ ಮುಂದೆ ಬಾಳು ಮುಂದೋ ಬರವಣಿಗೆ ಮುಂದೋ ಎಂದು ಬಿಡಿಸುವುದು ಕಠಿಣ. ಬ್ರ್ಯೂಸೊವನು ನಾರ್ಸ್ ಪುರಾಣದ ಕುಟಿಲ ದೇವತೆಯಾದ ಲೋಕಿಯ ಬಾಯಿಂದ ಬೆಳಕಿನ ದೇವತೆಯಾದ ಬಾಲ್ಡರನಿಗೆ ಬೆದರಿಕೆಯೊಡ್ಡುವ ಪದ್ಯವೊಂದನ್ನು ಬರೆದು, ಆ ಕಾಗದವನ್ನು ಬಾಣದ ಆಕಾರಕ್ಕೆ ಮಡಿಸಿ ಬ್ಯೇಲಿಗೆ ಕಳುಹಿಸಿದನಂತೆ. ಬ್ಯೇಲಿಯೂ ಪುರಾತನ ಶತ್ರುವನ್ನು ಸಂಬೋಧಿಸಿ ಪದ್ಯದಲ್ಲಿಯೇ ಉತ್ತರ ಕೊಟ್ಟನು. 1905ರ ಫೆಬ್ರವರಿಯಲ್ಲಿ ಮತ್ತೊಬ್ಬ ಲೇಖಕನನ್ನು ಕುರಿತು ಬಂದ ಮಾತನ್ನು ನೆಪಮಾಡಿಕೊಂಡು ಬ್ರ್ಯೂಸೊವನು ನಿಜವಾಗಿಯೇ ದ್ವಂದ್ವಯುದ್ಧಕ್ಕೆ ಕರೆಯಿತ್ತನು. ಕಾಗದ ಪತ್ರಗಳಲ್ಲಿಯೇ ಆ ಜಗಳ ಶಮನವಾಯಿತು. ಮಾಸ್ಕೋದಲ್ಲಿ ನಡೆಯದೆ ಉಳಿದ ಕಾಳಗವನ್ನು ಕಲೋನಿನಲ್ಲಿ ನಡೆಯಿಸಿದ ಕಾದಂಬರಿಕಾರನು ತನ್ನ ಪ್ರತಿನಿಧಿಯನ್ನೇ ಸೋಲಿಸಿದನೆಂಬುದನ್ನು ಆತನ ಪರವಾಗಿ ನೆನೆಯಬೇಕು. ಅದೇ ವರ್ಷದ ಬೇಸಗೆಯಲ್ಲಿ ಫಿನ್ಲೆಂಡಿನ ಸೈಮಾ ಸರೋವರದ ತೀರದಲ್ಲಿ ಬ್ರ್ಯೂಸೊವನೂ ನೀನಾಳೂ ಕೆಲಕಾಲ ಜೊತೆಯಾಗಿದ್ದರು. ಅವರ ಸಂಬಂಧದಲ್ಲಿ ಪ್ರಶಾಂತವೆನ್ನಬಹುದಾದ ಕಾಲ ಅದೊಂದೇ ಎಂದು ನನಗನಿಸುತ್ತದೆ.

ಪಿಸ್ತೂಲಿನ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ, ಒಬ್ಬರಂತೆ ಒಬ್ಬರು ಹೇಳುವುದಿಲ್ಲ. ಮಾಸ್ಕೋವಿನ ಪಾಲಿಟೆಕ್ನಿಕ್ ವಸ್ತುಸಂಗ್ರಹಾಲಯದಲ್ಲಿ ಬ್ಯೇಲಿಯ ಉಪನ್ಯಾಸದ ನಡುವಣ ವಿರಾಮದಲ್ಲಿ ನೀನಾ ಬ್ರೌನಿಂಗ್ ಪಿಸ್ತೂಲನ್ನು ಹಿರಿದಳು, ಅದು ಪ್ರಾಣವನ್ನು ತೆಗೆಯಲಿಲ್ಲ, ಇಷ್ಟು ನಿಶ್ಚಯ. ಗುರಿ ಬ್ಯೇಲಿಯೇ, ಗುಂಡು ಹಾರಲಿಲ್ಲ ಎಂದು ಇವರೆಲ್ಲರನ್ನೂ ಹತ್ತಿರದಿಂದ ಬಲ್ಲ ಕವಿ ಖೊದಾಸೆವಿಚ್ ಬರೆದರೆ, ಆಕೆ ಮನಸ್ಸು ತಿರುಗಿ ಬ್ರ್ಯೂಸೊವನ ಕಡೆಗೇ ಅದನ್ನೆತ್ತಿದಳೆಂದು ಬ್ಯೇಲಿಯ ಆತ್ಮಕಥನ ಹೇಳುತ್ತದೆ. ಇಬ್ಬರಲ್ಲಿ ಯಾರ ಮೇಲೆ ಎತ್ತಿದ್ದರೂ ಆಕೆಗೆ ಕಾರಣವಿದ್ದಿತು.

1907ರಿಂದ ‘ತಕ್ಕಡಿ’ಯಲ್ಲಿ ಕಾದಂಬರಿಯು ಕಂತುಕಂತಾಗಿ ಬರತೊಡಗಿತು. ಪುಸ್ತಕರೂಪಕ್ಕೆ ಬಂದ ಮೇಲೆ ಬ್ರ್ಯೂಸೊವನು ಅದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಅರ್ಪಣೆಯೊಂದನ್ನು ಜೋಡಿಸಿದನು: ಹೆಸರಿಲ್ಲದ ಒಬ್ಬಾಕೆಗೆ, ಉಜ್ಜ್ವಲಳೂ ಉನ್ಮತ್ತಳೂ ದುರ್ಭಾಗ್ಯಳೂ ಆಗಿ ಪ್ರೇಮದಿಂದಲೇ ಅಳಿದುಹೋದವಳಿಗೆ. ಅಳಿದುಹೋದವಳು ಅಂದು ಅದೇ ಊರಿನಲ್ಲಿ ಜೀವಂತವಾಗಿದ್ದಳು, ತನ್ನ ‘ಸಾಂಕ್ಟುಸ್ ಅಮೋರ್’ ಎಂಬ ಕಥಾಸಂಕಲನವನ್ನು ಅದೇ 1908ರಲ್ಲಿ ಪ್ರಕಟಿಸಿದ್ದಳು! ಕಾದಂಬರಿಯಲ್ಲಿ ರೆನಾಟಾ ಕನ್ಯಾಮಠವನ್ನು ಸೇರಿ, ಧರ್ಮವಿಚಾರಣೆಯ ನ್ಯಾಯಸ್ಥಾನಕ್ಕೆ ಸಿಕ್ಕಿ, ಸೆರೆಮನೆಯಲ್ಲಿ ರೂಪ್ರೆಖ್ಟನ ತೋಳುಗಳಲ್ಲಿ ಪ್ರಾಣಬಿಡುತ್ತಾಳೆ. ಗ್ರಂಥ ಮುಗಿದೊಡನೆ ಗ್ರಂಥಕರ್ತನ ಆಸಕ್ತಿಯೂ ಮುಗಿಯಿತೆಂದು ಖೊದಾಸೆವಿಚ್ ಆಪಾದಿಸುತ್ತಾನೆ. ಈ ತೀರ್ಪು ತುಸು ಕಠೋರವೆಂದೇ ನನ್ನ ಎಣಿಕೆ. ಅವರಿಬ್ಬರ ಪತ್ರವ್ಯವಹಾರ 1904ರಿಂದ 1913ರವರೆಗೆ ಸಾಗಿದೆ, ತಣ್ಣಗೆ ಸಾಮಗ್ರಿ ಸಂಗ್ರಹಿಸಿಕೊಂಡು ಹೊರಟುಹೋಗುವವನು ಅಷ್ಟು ಕಾಲ ಕಾಗದ ಬರೆಯುವುದಿಲ್ಲ. ಆದರೆ ಒಂದು ಮಾತು ನಿಜ. ರೂಪ್ರೆಖ್ಟನ ವೇಷವನ್ನು ಕಳಚಿಟ್ಟು ಬ್ರ್ಯೂಸೊವನು ಮುಂದಿನ ಪುಸ್ತಕಕ್ಕೆ ನಡೆಯಬಲ್ಲವನಾಗಿದ್ದನು, ಬ್ಯೇಲಿಗೂ ಮುಂದೆ ಬರೆಯಲು ‘ಪೀಟರ್ಸ್‌ಬರ್ಗ್’ ಎಂಬ ಕಾದಂಬರಿ ಇದ್ದಿತು. ನೀನಾ ಮಾತ್ರ ತನ್ನ ಪಾತ್ರದಿಂದ ಹೊರಬರಲಿಲ್ಲ. ಆಕೆ ಕಲೋನಿಗೆ ಹೋಗಿ ಅಲ್ಲಿನ ಮಹಾದೇವಾಲಯದ ನೆಲದ ಮೇಲೆ ರೆನಾಟಾಳಂತೆಯೇ ಮೈಚಾಚಿ ಮಲಗಿದ್ದುದನ್ನು ಬ್ರ್ಯೂಸೊವನಿಗೆ ಬರೆದು ತಿಳಿಸಿದಳು.

ಮದ್ಯ, ಮಾರ್ಫೀನ್, ರೋಗ. 1911ರ ನವೆಂಬರಿನಲ್ಲಿ ಆಕೆ ರಷ್ಯವನ್ನು ಬಿಟ್ಟವಳು ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. ಇತ್ತ ಬ್ರ್ಯೂಸೊವನ ಬದುಕಿನಲ್ಲಿ ನದೇಜ್ದಾ ಲ್ವೋವಾ ಎಂಬ ಎಳೆಯ ಕವಯಿತ್ರಿ ಬಂದಳು. 1913ರ ಕೊನೆಯಲ್ಲಿ ಆಕೆ ತನಗೆ ತಾನೇ ಗುಂಡಿಟ್ಟುಕೊಂಡಳು. ಆ ಪಿಸ್ತೂಲು ಬ್ರ್ಯೂಸೊವನು ಕೊಟ್ಟ ಉಡುಗೊರೆ, ಹಿಂದೆ ನೀನಾಳ ಕೈಯಲ್ಲಿದ್ದುದೇ ಅದು, ಎಂದು ಖೊದಾಸೆವಿಚ್ ಬರೆದಿದ್ದಾನೆ. ನೀನಾ ಇಟಲಿಯಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದಾಗ ತನಗಾಗಿ ಆರಿಸಿಕೊಂಡ ಹೆಸರು ರೆನಾಟಾ. ಮೊದಲ ಮಹಾಯುದ್ಧದ ವರ್ಷಗಳನ್ನು ರೋಮಿನಲ್ಲಿ ಕಡುಬಡತನದಲ್ಲಿ ನೂಕಿ, ಬರ್ಲಿನ್ನಿನಲ್ಲಿ ಪತ್ರಿಕಾಲೇಖನಗಳನ್ನು ಬರೆದು, ಕಡೆಗೆ ಪ್ಯಾರಿಸ್ಸಿಗೆ ಬಂದಳು. ತಾನು ಸಾಕಿಕೊಂಡಿದ್ದ ಅಸ್ವಸ್ಥಳಾದ ತಂಗಿಯೂ ತೀರಿಕೊಂಡ ಬಳಿಕ, 1928ರ ಫೆಬ್ರವರಿ 23ರಂದು, ಅಲ್ಲಿಯ ಹೋಟೆಲೊಂದರಲ್ಲಿ ಅನಿಲವನ್ನು ತೆರೆದು ಪ್ರಾಣ ಕಳೆದುಕೊಂಡಳು. ಬ್ರ್ಯೂಸೊವನು 1924ರಲ್ಲಿಯೇ ಗತಿಸಿದ್ದನು.

ವಿಚಿತ್ರವೆಂದರೆ, ಅದೇ ಪ್ಯಾರಿಸ್ಸಿನಲ್ಲಿ ಅದೇ 1928ರ ಜೂನ್ ತಿಂಗಳಲ್ಲಿ ರೆನಾಟಾ ಮೊತ್ತಮೊದಲು ಸಂಗೀತವಾಗಿ ಕೇಳಿಸಿದಳು. ಸಂಗೀತರಚನಕಾರ ಸೆರ್ಗೇಯ್ ಪ್ರೊಕೊಫೀವನು 1919ರಲ್ಲಿ ಅಮೆರಿಕದಲ್ಲಿದ್ದಾಗ ಈ ಕಾದಂಬರಿಯನ್ನು ಕಂಡು, ಬವೇರಿಯದ ಎಟ್ಟಾಲ್ ಎಂಬ ಊರಿನಲ್ಲಿ ಕೆಲಕಾಲ ನೆಲೆಸಿ, 1927ರವರೆಗೆ ದುಡಿದು ಅದನ್ನು ಗೀತನಾಟಕವಾಗಿಸಿದ್ದನು. ಅದರ ಕೆಲವು ಭಾಗಗಳನ್ನು ವಾದ್ಯವೃಂದದ ನಿರ್ದೇಶಕ ಕುಸೆವಿಟ್ಸ್ಕಿ ಅಂದು ಕಚೇರಿಯಲ್ಲಿ ನುಡಿಸಿದನು. ಯಾವ ನಾಟಕಮಂದಿರವೂ ಅದನ್ನು ರಂಗಕ್ಕೇರಿಸದಿರಲು ಪ್ರೊಕೊಫೀವನು ಅದರ ಸ್ವರಗಳನ್ನೇ ತನ್ನ ಮೂರನೆಯ ಸಿಂಫನಿಗೆ ಬಳಸಿಕೊಂಡನು. 1955ರಲ್ಲಿ ವೆನಿಸ್ಸಿನಲ್ಲಿ ತೆರೆ ಮೇಲೆದ್ದಾಗ ಆತನು ತೀರಿಕೊಂಡು ಎರಡು ವರ್ಷ ಸಂದಿತ್ತು. ಆ ಗೀತನಾಟಕದಲ್ಲಿ ರೆನಾಟಾಳಿಗೆ ಹಾಡು ಹಾಡಿ ಕಂಠ ಬಿರಿಯುವಷ್ಟು ಕೆಲಸ, ರೂಪ್ರೆಖ್ಟನಿಗೂ ಕಡಮೆಯಿಲ್ಲ. ಹೈನ್ರಿಖನದು ಮೂಕಪಾತ್ರ, ಮಾಸ್ಕೋವಿನ ಮಹಾವಾಚಾಳಿಯೆನಿಸಿದ್ದ ಬ್ಯೇಲಿಗೆ ಪ್ರೊಕೊಫೀವನು ಒಂದು ಸ್ವರವನ್ನೂ ಕೊಟ್ಟಿಲ್ಲ.