ಊರು ಬಿಡುವ ಕೂಸುಗಳ ನಿದ್ದೆ

ಅಂಚೆಟ್ಟಿ ಎಂಬ ಹೆಸರು ನಮ್ಮ ಕಾಸರಗೋಡಿನ ಓದುಗರಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿರಲಾರದು. ಬೆಂಗಳೂರಿನಿಂದ ಹೊಸೂರಿಗೆ ಬಂದು, ಅಲ್ಲಿಂದ ಡೆಂಕಣಿಕೋಟೆಯ ಬಸ್ಸು ಹಿಡಿದು, ಅದನ್ನೂ ದಾಟಿ ಕಾಡಿನ ನಡುವಣ ತಿರುವುಗಳಲ್ಲಿ ಇಳಿಯುತ್ತ ಹೋದರೆ ಸಿಗುವ ಊರು ಅದು. ಇನ್ನೂ ಮುಂದೆ ಹೋದವರಿಗೆ ಹೊಗೇನಕಲ್ಲು ಸಿಗುತ್ತದೆ. 1956ರಲ್ಲಿ ರಾಜ್ಯಗಳ ಗಡಿ ಗೀಚಿದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಆಗ ಸೇಲಂ ಜಿಲ್ಲೆಯಲ್ಲಿದ್ದ ಈ ಸೀಮೆ ಮದರಾಸಿನಲ್ಲಿಯೇ ನಿಂತಿತು. ಮುಂದೆ 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಎಂದು ಜಿಲ್ಲೆಯ ಹೆಸರು ಬದಲಾದರೂ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತಮಿಳು ಎಂಬ ಬಾಳ್ವೆ ಹಾಗೆಯೇ ಉಳಿಯಿತು. ಹುಟ್ಟಿದ್ದು ಕಾಸರಗೋಡಿನ ಕಡೆ, ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿರುವುದು ಈ ಗಡಿಯಲ್ಲಿ. ಆದುದರಿಂದ ನಮಗೆ ಆ ಬಾಳ್ವೆಯಲ್ಲಿ ಹೊಸತೇನೂ ಕಾಣಲಿಲ್ಲ. ಹೊಸತಾಗಿ ಕಂಡದ್ದು ಇಲ್ಲಿನ ಕೂಸುಗಳ ಪ್ರಯಾಣ.

ಅಂಚೆಟ್ಟಿಯ ಸುತ್ತಿನ ಹೊಲಗಳು ಬಹುತೇಕ ಮಳೆಯನ್ನೇ ನಂಬಿದವು. ಮುಂಗಾರಿನಲ್ಲಿ ಬಿತ್ತಿದ ರಾಗಿ ವರ್ಷದ ಕೊನೆಗೆ ಕೊಯ್ಲಿಗೆ ಬರುತ್ತದೆ. ಕಣದ ಕೆಲಸ ಮುಗಿದ ಮೇಲೆ ನೆಲ ಸುಮ್ಮನೆ ಬಿದ್ದಿರುತ್ತದೆ, ಹೊಟ್ಟೆ ಸುಮ್ಮನಿರುವುದಿಲ್ಲ. ಆಗ ಬಡವರ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಕೆಲವರು ಹೊಸೂರಿನ ಹೂವಿನ ತೋಟಗಳಿಗೆ, ಕೆಲವರು ಕೊಡಗಿನ ಕಾಫಿ ಕೊಯ್ಲಿಗೆ ಹೊರಡುತ್ತಾರೆ. ಮರಳುವುದು ಯುಗಾದಿಗೆ, ಇಲ್ಲವೆ ಮೊದಲ ಮಳೆಗೆ. ದೊಡ್ಡ ಮಕ್ಕಳನ್ನು ಅಜ್ಜಿಯ ಬಳಿ ಬಿಡಬಹುದು. ಎದೆಹಾಲು ಕುಡಿಯುವ ಕೂಸನ್ನು ಬಿಡುವಂತಿಲ್ಲ. ಹೀಗಾಗಿ ಆರು ತಿಂಗಳ, ಎಂಟು ತಿಂಗಳ ಕೂಸುಗಳು ಮೂರು ನಾಲ್ಕು ತಿಂಗಳ ಕಾಲ ಪರಸ್ಥಳದಲ್ಲಿರುತ್ತವೆ. ಒಂದು ಕಟ್ಟಡ ಮುಗಿದರೆ ಇನ್ನೊಂದಕ್ಕೆ, ಒಂದು ಶೆಡ್ಡಿನಿಂದ ಮತ್ತೊಂದು ಶೆಡ್ಡಿಗೆ.

ಇಷ್ಟು ದೀರ್ಘ ಪ್ರಯಾಣಕ್ಕೆ ಕೂಸಿನ ಸಾಮಾನು ಎಷ್ಟಿರಬಹುದು? ಪೇಟೆಯ ಅಂಗಡಿಗೆ ಹೋದರೆ ಮಡಚುವ ಗಾಡಿ, ಮಡಚುವ ತೊಟ್ಟಿಲು, ಹಾಲಿನ ಬಾಟಲಿ ಕುದಿಸುವ ಯಂತ್ರ ಎಂದು ಒಂದು ಕೋಣೆ ತುಂಬುವಷ್ಟು ತೋರಿಸುತ್ತಾರೆ. ಗಲ್ಫಿನಿಂದ ರಜೆಗೆ ಬರುವ ನಮ್ಮ ನೆಂಟರಿಷ್ಟರಲ್ಲಿ ಇವನ್ನೆಲ್ಲ ಹೊತ್ತು ತಂದು, ಕೊನೆಗೆ ಅಜ್ಜಿಯ ಹಳೆಯ ಸೀರೆಯಲ್ಲಿ ಮಗುವನ್ನು ತೂಗಿ ಮಲಗಿಸುವವರನ್ನು ಓದುಗರೂ ಕಂಡಿರಬೇಕು. ಅಂಚೆಟ್ಟಿಯ ತಾಯಿಯ ಗಂಟಿನಲ್ಲಿರುವುದು ಇಷ್ಟೇ: ಒಗೆದು ಒಗೆದು ಮೆತ್ತಗಾದ ಎರಡು ನೂಲಿನ ಸೀರೆ, ನಾಲ್ಕು ಮಾರು ಹಗ್ಗ, ಜೋಲಿಯ ಎರಡು ಅಂಚು ಕೂಡಿಕೊಳ್ಳದಂತೆ ಅಡ್ಡ ಇಡುವ ಒಂದು ಮೊಳದ ಕೋಲು, ಕುಲಾವಿ, ಹಾಲು ಕುಡಿಸುವ ಒಳಲೆ, ಒಂದು ಚೂರು ಸೊಳ್ಳೆಪರದೆ, ಮತ್ತು ಡಬ್ಬಿಯಲ್ಲಿ ರಾಗಿಯ ಹಿಟ್ಟು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟು ಅದು. ನಮ್ಮ ಕಡೆ ‘ಮಣ್ಣಿ’ ಎನ್ನುತ್ತೇವಲ್ಲ, ಇಲ್ಲಿ ಅದಕ್ಕೆ ‘ಸರಿ’ ಎನ್ನುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ; ಅಕ್ಕಿ ಗೋಧಿಗಳು ಅದರ ಹತ್ತಿರಕ್ಕೂ ಬರಲಾರವು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಕೊಡಲು ಇದಕ್ಕಿಂತ ಹಗುರವಾದ, ಕೆಡದ ಬುತ್ತಿ ಬೇರೆ ಕಾಣೆವು. ನೀರು ಮಾತ್ರ ಎಲ್ಲಿಗೆ ಹೋದರೂ ಕುದಿಸಿದ್ದೇ ಆಗಬೇಕು.

ಗಂಟಿನಲ್ಲಿ ಇನ್ನೊಂದು ವಸ್ತುವಿರುತ್ತದೆ. ತಾಯಿ ಉಟ್ಟು, ಒಗೆಯದೆ ಮಡಚಿಟ್ಟ ಸೀರೆ. ಯಾತಕ್ಕೆಂದು ವಿಚಾರಿಸಿದರೆ, ಹೊಸ ಜಾಗದ ಮೊದಲ ರಾತ್ರಿ ಅದನ್ನೇ ಜೋಲಿಗೆ ಕಟ್ಟುವುದಂತೆ. ಸಿಮೆಂಟಿನ ವಾಸನೆ, ಹೊಸ ದೀಪ, ಹೊಸ ಸದ್ದುಗಳ ನಡುವೆ ಕೂಸಿಗೆ ಪರಿಚಿತವಾದ ಒಂದು ವಾಸನೆಯಾದರೂ ಸಿಗುತ್ತದೆ. ಶಿಶು ತಾಯಿಯನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ವಾಸನೆಯಿಂದ ಗುರುತಿಸಬಲ್ಲುದೆಂದು ವೈದ್ಯಶಾಸ್ತ್ರವೂ ಒಪ್ಪಿದೆ.

ನಿದ್ದೆಯ ಲೆಕ್ಕವನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಸೂಚನೆಯಂತೆ, ಮೂರು ತಿಂಗಳವರೆಗಿನ ಕೂಸಿಗೆ ದಿನಕ್ಕೆ 14ರಿಂದ 17 ಗಂಟೆ, ನಾಲ್ಕರಿಂದ ಹನ್ನೊಂದು ತಿಂಗಳ ಕೂಸಿಗೆ 12ರಿಂದ 16 ಗಂಟೆ ನಿದ್ದೆ ಬೇಕು. ಹಗಲಿನ ನಿದ್ದೆಯೂ ಇದರಲ್ಲಿ ಸೇರಿದೆ. ಪ್ರಯಾಣದಲ್ಲಿ ಮೊದಲು ಕೆಡುವುದು ಈ ಲೆಕ್ಕವೇ. ಬಸ್ಸಿನ ತೂಗಾಟಕ್ಕೆ ಕೂಸು ಹಗಲೆಲ್ಲ ಮಲಗಿಬಿಡುತ್ತದೆ, ಬಸ್ಸು ನಿಂತಾಗ ಬೆಚ್ಚಿ ಏಳುತ್ತದೆ, ರಾತ್ರಿ ಕಣ್ಣು ಮುಚ್ಚುವುದಿಲ್ಲ. ಆದುದರಿಂದ ತಿಳಿದವರು ಮುಂಜಾನೆಯ ಬಸ್ಸಿಗೇ ಹೊರಡುತ್ತಾರೆ. ಬೆಳಗಿನ ನಿದ್ದೆ ಬಸ್ಸಿನಲ್ಲಿ ಆಗುತ್ತದೆ, ಹಗಲು ಬೆಳಕಿರುವಾಗಲೇ ಹೊಸ ಜಾಗ ಸೇರಬಹುದು. ಆನೆಗಳು ರಸ್ತೆ ದಾಟುವ ಕಾಡಿನ ದಾರಿಯಾದ್ದರಿಂದ ಕತ್ತಲಾದ ಮೇಲೆ ಹೊರಡುವ ಧೈರ್ಯ ಹೇಗೂ ಯಾರಿಗೂ ಇಲ್ಲ. (ಪ್ರಸಂಗವಶಾತ್ ಹೇಳುವುದಾದರೆ, ಗಡಿ ದಾಟಿದ ಮೇಲೆ ಕರ್ನಾಟಕದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲವೆಂಬ 2023ರ ‘ಶಕ್ತಿ’ ಯೋಜನೆ ಈ ತಾಯಂದಿರಿಗೆ ಅನ್ವಯಿಸುವುದಿಲ್ಲ. ಮಾತು ಕನ್ನಡವಾದರೂ ವಿಳಾಸ ತಮಿಳುನಾಡಿನದು. ತಲಪಾಡಿ ದಾಟುವ ನಮ್ಮ ಅಕ್ಕತಂಗಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.)

ಶೆಡ್ಡು ಮುಟ್ಟಿದ ಕೂಡಲೇ ಇವರು ಮಾಡುವ ಮೊದಲ ಕೆಲಸ ಜೋಲಿ ಕಟ್ಟುವುದು. ಒಲೆ ಹೂಡುವುದು ಅದರ ಮೇಲೆ. ಬಳಿಕ ಮಲಗಿಸುವ ಹೊತ್ತು, ಮಲಗಿಸುವ ಮುನ್ನ ಮೈ ಒರೆಸುವುದು, ಜೋಗುಳ, ಎಲ್ಲವೂ ಊರಿನಲ್ಲಿದ್ದ ಕ್ರಮದಲ್ಲಿಯೇ ನಡೆಯಬೇಕು. ಬೆಳಗ್ಗೆ ಕೂಸನ್ನು ಹೊರಗಿನ ಬೆಳಕಿಗೆ ಎತ್ತಿಕೊಂಡು ಬರುತ್ತಾರೆ, ರಾತ್ರಿ ಹಾಲು ಕೊಡುವಾಗ ದೀಪ ದೊಡ್ಡದು ಮಾಡುವುದಿಲ್ಲ. ಮೂರು ನಾಲ್ಕು ರಾತ್ರಿ ಕಳೆದರೆ ಕೂಸು ಒಗ್ಗಿಕೊಳ್ಳುತ್ತದೆ ಎನ್ನುವುದು ಇವರ ಅನುಭವ. ಕ್ರಮ ಬದಲಾಗದಿದ್ದರೆ ಜಾಗ ಬದಲಾದದ್ದನ್ನು ಕೂಸು ಸಹಿಸಿಕೊಳ್ಳುತ್ತದೆ.

ಜೋಲಿಯ ವಿಷಯದಲ್ಲಿ ಎರಡು ಎಚ್ಚರಿಕೆಯ ಮಾತು ಹೇಳದಿದ್ದರೆ ತಪ್ಪಾದೀತು. ಬಟ್ಟೆ ತೀರ ಆಳವಾಗಿ ಇಳಿದರೆ ಎಳೆಗೂಸಿನ ಗದ್ದ ಎದೆಗೆ ಒತ್ತಿ ಉಸಿರಿಗೆ ಅಡ್ಡಿಯಾಗುತ್ತದೆ. ಅಡ್ಡಕೋಲು ಇರಲೇಬೇಕು, ನೆಲದಿಂದ ಮೊಣಕಾಲೆತ್ತರಕ್ಕಿಂತ ಮೇಲೆ ಕಟ್ಟಬಾರದು, ಇಳಿಬಿದ್ದ ಹಗ್ಗದ ತುದಿ ಕೂಸಿನ ಕೈಗೆ ಎಟುಕಬಾರದು. ಮಗುಚಿಕೊಳ್ಳಲು, ಎದ್ದು ಕೂರಲು ಕಲಿತ ಮೇಲೆ ಜೋಲಿಯಲ್ಲಿ ಒಂಟಿಯಾಗಿ ಬಿಟ್ಟು ಹೋಗಲೇಬಾರದು. ರಾತ್ರಿಯ ದೀರ್ಘ ನಿದ್ದೆಗೆ ವೈದ್ಯರು ಹೇಳುವುದು ಸಮನಾದ, ಗಟ್ಟಿಯಾದ ಹಾಸಿಗೆಯ ಮೇಲೆ, ದಿಂಬಿಲ್ಲದೆ, ಬೆನ್ನ ಮೇಲೆ ಮಲಗಿಸಬೇಕೆಂದು. ಕುಡಿದು ಬಂದವರ ಪಕ್ಕದಲ್ಲಿ ಕೂಸನ್ನು ಮಲಗಿಸಬಾರದೆಂಬುದನ್ನು ಶೆಡ್ಡಿನ ಬಾಳನ್ನು ಕಂಡವರು ಒತ್ತಿ ಹೇಳಬೇಕಾಗಿದೆ.

ಇನ್ನೊಂದು ಮಾತು ಇದಕ್ಕಿಂತಲೂ ಗಂಭೀರವಾದದ್ದು. ಪ್ರಯಾಣದಲ್ಲಿ, ಕೆಲಸದ ಹೊತ್ತಿನಲ್ಲಿ ಕೂಸು ಅಳದೆ ಮಲಗಿರಲಿ ಎಂದು ನೆಗಡಿಯ ಸಿರಪ್ ಒಂದು ಚಮಚ ಕುಡಿಸುವವರಿದ್ದಾರೆ. ಕಲಿತವರ ಮನೆಗಳಲ್ಲೂ ಇದ್ದಾರೆ. ಈ ಚಾಳಿ ಹಳೆಯದು. 1931ರಲ್ಲಿ ಹೊರಬಂದ ಕಾರ್ಮಿಕ ರಾಯಲ್ ಕಮಿಷನ್ನಿನ ವರದಿಯಲ್ಲಿ, ಗಿರಣಿಗೆ ಹೋಗುವ ತಾಯಂದಿರು ಕೂಸುಗಳಿಗೆ ಅಫೀಮು ಕೊಟ್ಟು ಮಲಗಿಸುತ್ತಿದ್ದ ಸಂಗತಿ ದಾಖಲಾಗಿದೆ. 2025ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ, ತಮಿಳುನಾಡಿನಲ್ಲಿ ತಯಾರಾದ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ಇಂಥ ಸಿರಪ್ ಕೊಡಲೇಬಾರದೆಂದು ಕೇಂದ್ರದ ಆರೋಗ್ಯ ಇಲಾಖೆ ಆಗ ಸುತ್ತೋಲೆ ಹೊರಡಿಸಿತು. ನಿದ್ದೆಗೆಂದು ಔಷಧ ಕೊಡುವ ಮಾತನ್ನು ಬಸ್ಸಿನಲ್ಲಿ ಯಾರಾದರೂ ಎತ್ತಿದರೆ ಅಲ್ಲಿಯೇ ತಡೆಯುವುದು ಲೇಸು.

ಗಂಟಿನ ಸಾಮಾನಿಗೆ ಮರಳಿ ಬರೋಣ. ಎಲ್ಲರೂ ಮರೆಯುವುದು ಒಂದನ್ನೇ, ಚುಚ್ಚುಮದ್ದಿನ ಕಾರ್ಡು. ಆರು, ಹತ್ತು, ಹದಿನಾಲ್ಕು ವಾರಗಳಿಗೆ ಹಾಕಿಸಬೇಕಾದವು, ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾದ ಸೂಜಿ. ಇವು ದೇಶದ ಯಾವ ಸರಕಾರಿ ಆಸ್ಪತ್ರೆಯಲ್ಲಾದರೂ ಧರ್ಮಾರ್ಥವಾಗಿ ಸಿಗುತ್ತವೆ; ಊರಿನವರೇ ಆಗಿರಬೇಕೆಂಬ ನಿಯಮವಿಲ್ಲ. ತೊಡಕು ಬರುವುದು ಅಕ್ಷರದಲ್ಲಿ. ಕಾರ್ಡಿನ ಬರಹ ತಮಿಳು, ತಾಯಿ ಕಲಿತಿದ್ದರೆ ಕನ್ನಡ, ಬೆಂಗಳೂರಿನ ನರ್ಸಮ್ಮನಿಗೆ ತಮಿಳಿನ ಓದು ಬಾರದು. ಯಾವ ಸೂಜಿ ಆಗಿದೆ, ಯಾವುದು ಬಾಕಿ ಎಂದು ತಾಯಿ ಬಾಯಲ್ಲಿ ಹೇಳಬೇಕು, ಅವಳಿಗೆ ನೆನಪಿರುವುದು ಕೂಸಿಗೆ ಜ್ವರ ಬಂದ ದಿನ ಮಾತ್ರ. ಈಚಿನ ಎರಡು ಮೂರು ವರ್ಷಗಳಿಂದ ನಾವು ಊರು ಬಿಡುವ ಮನೆಗಳಿಗೆ ಹೋಗಿ, ಕಾರ್ಡಿನಲ್ಲಿರುವುದನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ, ಮುಂದಿನ ಸೂಜಿಯ ತಾರೀಕನ್ನು ದೊಡ್ಡಕ್ಷರದಲ್ಲಿ ಬರೆದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಡುತ್ತಿದ್ದೇವೆ. ಮಲಯಾಳದ ಕಾರ್ಡು ಹಿಡಿದು ಮಂಗಳೂರಿಗೆ ಬಾಣಂತನಕ್ಕೆ ಹೋಗುವವರಿಗೂ ಇದು ಉಪಯೋಗಕ್ಕೆ ಬಂದೀತು.

ಮೇಷ್ಟರಿಗೇಕೆ ಕೂಸಿನ ಉಸಾಬರಿ ಎಂದು ಓದುಗರು ಕೇಳಬಹುದು. ಕಾರಣವಿದೆ. ಊರು ಬಿಡುವ ಕುಟುಂಬಗಳು ಕೂಸನ್ನು ಮಲಗಿಸಲು ಕೊಂಡೊಯ್ಯುವ ಸಾಮಾನಿನಲ್ಲಿ ಒಂದನ್ನು ಈ ತನಕ ನಾವು ಎಣಿಸಲಿಲ್ಲ. ಅದು ಕೂಸಿನ ಅಕ್ಕ.

ತಾಯಿ ಬಾಂಡಲಿ ಹೊರುವಾಗ ಜೋಲಿಯ ಹಗ್ಗ ಹಿಡಿಯುವವರು ಬೇಕು. ನಮ್ಮ ಎಂಟನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಜನವರಿಯಿಂದ ಮಾರ್ಚಿಯವರೆಗೆ ಕೆಲವು ಹೆಸರುಗಳ ಮುಂದೆ ಸಾಲಾಗಿ ಗೈರುಹಾಜರಿ ಬೀಳುತ್ತದೆ. ಎಲ್ಲವೂ ಹೆಣ್ಣುಮಕ್ಕಳ ಹೆಸರು. ಕಳೆದ ವರ್ಷ ಅಂಥ ಒಬ್ಬಳನ್ನು ಹುಡುಕಿಕೊಂಡು ಬೆಂಗಳೂರಿನ ಹೊರವಲಯದ ಒಂದು ಕಟ್ಟಡಕ್ಕೆ ಹೋಗಿದ್ದೆವು. ಶೆಡ್ಡುಗಳೆಲ್ಲ ತಗಡಿನವು, ತೆಳು ಪೈಪಿನ ಮೇಲೆ ನಿಂತವು. ಜೋಲಿಯ ಭಾರ ತಡೆಯುವ ತೊಲೆಯೇ ಇಲ್ಲ. ಹನ್ನೊಂದು ಗಂಟೆಗೇ ಒಳಗೆ ಕೂರಲಾಗದ ಕಾವು. ಹಾಗಾಗಿ ಜೋಲಿಯನ್ನು ಅರ್ಧ ಕಟ್ಟಿದ ಕಟ್ಟಡದ ಕೆಳಅಂತಸ್ತಿನಲ್ಲಿ, ಎರಡು ಕಂಬಗಳ ನಡುವೆ ಕಟ್ಟಿದ್ದರು. ಮೇಲೆ ಕಲ್ಲು ಕೊರೆಯುವ ಯಂತ್ರದ ಸದ್ದು. ಹುಡುಗಿ ಒಂದು ಕೈಯಲ್ಲಿ ಹಗ್ಗ ಎಳೆಯುತ್ತ ಸಿಮೆಂಟಿನ ಚೀಲದ ಮೇಲೆ ಕೂತಿದ್ದಳು. “ಅವಳು ತೂಗದಿದ್ರೆ ಕೂಸು ಮಲಗಾಕಿಲ್ಲ ಸಾರ್, ನಾನು ಕೆಲಸ ಬಿಟ್ರೆ ಮೇಸ್ತ್ರಿ ಕೂಲಿ ಕೊಡಾಕಿಲ್ಲ” ಎಂದಳು ತಾಯಿ. ಆ ಮಾತಿಗೆ ನಮ್ಮಲ್ಲಿ ಪಾಠದ ಪುಸ್ತಕದ ಉತ್ತರವಿರಲಿಲ್ಲ.

ಉತ್ತರ ಬೇರೆ ಕಡೆ ಇದೆ, ಹಳೆಯದೂ ಹೌದು. 1969ರಲ್ಲಿ ದೆಹಲಿಯ ರಾಜಘಾಟಿನ ಬಳಿ ಗಾಂಧಿ ಶತಮಾನೋತ್ಸವದ ಕಟ್ಟಡದ ಕೆಲಸ ನಡೆಯುತ್ತಿದ್ದಾಗ, ಕಲ್ಲುಮಣ್ಣಿನ ನಡುವೆ ಬಿದ್ದಿದ್ದ ಕೂಲಿಗಾರರ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಎಂಬವರು ಅಲ್ಲಿಯೇ ಒಂದು ಡೇರೆ ಹಾಕಿಸಿ ಶಿಶುವಿಹಾರ ತೆರೆದರು. ಕಟ್ಟಡ ಮುಗಿದಂತೆ ಮುಂದಿನ ಕಟ್ಟಡಕ್ಕೆ ಸಾಗುವ ‘ಮೊಬೈಲ್ ಕ್ರೆಶ್’ ಹುಟ್ಟಿದ್ದು ಹಾಗೆ. ಅಂಗನವಾಡಿಗಳ ಯೋಜನೆ 1975ರ ಅಕ್ಟೋಬರ್ 2ರಂದು ಬಂತು; ಕರ್ನಾಟಕದಲ್ಲಿ ಮೊದಲು ಆರಂಭವಾದದ್ದು ತಿರುಮಕೂಡಲು ನರಸೀಪುರದಲ್ಲಿ. ಆದರೆ ಹಾಲುಗಲ್ಲದ ಕೂಸನ್ನು ದಿನವಿಡೀ ನೋಡಿಕೊಳ್ಳುವ ವ್ಯವಸ್ಥೆ ಅಲ್ಲಿರಲಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯಿದೆ, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಗಾಳಿ ಬೆಳಕಿನ ಕೋಣೆಯೂ ನೋಡಿಕೊಳ್ಳುವ ಹೆಂಗಸೂ ಇರಬೇಕೆಂದಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಅದರಲ್ಲೂ ಐವತ್ತರ ಲೆಕ್ಕ ಉಳಿದಿದೆ. ಒಂದೇ ಕಟ್ಟಡವನ್ನು ನಾಲ್ಕು ಮೇಸ್ತ್ರಿಗಳಿಗೆ ಹಂಚಿದರೆ ಯಾವ ಪಟ್ಟಿಯಲ್ಲೂ ಐವತ್ತು ತುಂಬದೆಂಬುದು ಮೇಸ್ತ್ರಿಗಳಿಗೆ ಗೊತ್ತು, ಕಾಯಿದೆ ಬರೆದವರಿಗೂ ಗೊತ್ತಿರಬೇಕು. ಕರ್ನಾಟಕ ಸರಕಾರ 2023ರಲ್ಲಿ ಸಾರಿದ ‘ಕೂಸಿನ ಮನೆ’ಯ ಯೋಜನೆ ಒಳ್ಳೆಯದೇ, ಆದರೆ ಅದು ಗ್ರಾಮ ಪಂಚಾಯತಿಗಳಿಗೆಂದು ಹುಟ್ಟಿದ್ದು, ನಗರದ ಕಟ್ಟಡದ ಕೆಳಅಂತಸ್ತಿಗೆ ಅದು ಬರಲಿಲ್ಲ.

ಇದು ದೂರದ ಕತೆಯೆಂದು ಕಾಸರಗೋಡಿನ ಓದುಗರು ಭಾವಿಸಬೇಕಾಗಿಲ್ಲ. ನಮ್ಮ ಕೆಂಪುಕಲ್ಲಿನ ಕೋರೆಗಳ ಬದಿಯಲ್ಲಿ, ಹೆದ್ದಾರಿಯ ಕೆಲಸದ ಶೆಡ್ಡುಗಳಲ್ಲಿ ಘಟ್ಟದ ಮೇಲಿನಿಂದ ಬಂದ ಕನ್ನಡ ಕುಟುಂಬಗಳಿವೆ. ಅಲ್ಲಿಯ ಜೋಲಿಯ ಹಗ್ಗ ಹಿಡಿದು ಕೂತವಳು ಯಾವ ತರಗತಿಯಲ್ಲಿರಬೇಕಾದವಳು ಎಂದು ಕೇಳಿ ನೋಡಬಹುದು. ಹತ್ತಿರದಲ್ಲಿಯೇ ಕನ್ನಡ ಶಾಲೆಯಿದ್ದರೆ, ಎರಡು ತಿಂಗಳ ಮಟ್ಟಿಗಾದರೂ ಅವಳನ್ನು ತರಗತಿಯಲ್ಲಿ ಕೂರಿಸಿಕೊಳ್ಳಲು ಅಡ್ಡಿಯಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಹದಿನಾಲ್ಕು ವರ್ಷದವರೆಗಿನ ಮಗುವಿಗೆ ವರ್ಗಾವಣೆ ಪತ್ರವಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ.

ನಾವು ಹುಡುಕಿಕೊಂಡು ಹೋದ ಆ ಹುಡುಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಮನೆಯಲ್ಲಿ ಮತ್ತೊಂದು ಕೂಸಿದೆ, ಅದಕ್ಕೀಗ ಏಳು ತಿಂಗಳು. ಈ ಸಲ ಜೊತೆಗೆ ಅಜ್ಜಿ ಹೊರಡುವುದೆಂದೂ ಹುಡುಗಿ ಸೋದರಮಾವನ ಮನೆಯಲ್ಲಿದ್ದು ಶಾಲೆಗೆ ಬರುವುದೆಂದೂ ಬಹಳ ಮಾತಿನ ಮೇಲೆ ಒಪ್ಪಂದವಾಗಿದೆ. ಅಜ್ಜಿಗೆ ಬಸ್ಸು ಹತ್ತಿದರೆ ವಾಂತಿ. ಅದಕ್ಕೆ ಎರಡು ನಿಂಬೆಹಣ್ಣು ಗಂಟಿಗೆ ಸೇರಿವೆ. ಕೂಸಿನ ಒಂಬತ್ತನೆಯ ತಿಂಗಳ ಸೂಜಿಯ ತಾರೀಕನ್ನು ಹಾಳೆಯಲ್ಲಿ ಬರೆದುಕೊಟ್ಟಿದ್ದೇವೆ. ಕಣದ ಕೆಲಸ ಮುಗಿಯಲು ಇನ್ನು ಒಂದು ವಾರವಿದೆ.