ನಿಮಗಿದು ಗೊತ್ತೆ? ಮೊಟ್ಟೆ ಲಕ್ಷಗಟ್ಟಲೆ, ಮೀನು ಬೆರಳೆಣಿಕೆ!

ಉತ್ತರ ಅಟ್ಲಾಂಟಿಕ್ ಸಾಗರದ ದೊಡ್ಡ ಹೆಣ್ಣು ಕಾಡ್ ಮೀನು ಒಂದೇ ಋತುವಿನಲ್ಲಿ ಹತ್ತಾರು ಲಕ್ಷ ಮೊಟ್ಟೆ ಇಡುತ್ತದೆ. ಹಾಗಿದ್ದರೆ ಮೀನಿಗೆ ಬರವೇ ಬರಬಾರದಲ್ಲ? ಬರುತ್ತದೆ, ಏಕೆಂದರೆ ನಿರ್ಣಾಯಕ ಗಳಿಗೆ ಮೊಟ್ಟೆಯೊಡೆದ ಮೇಲಿನದು. ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಮೊಟ್ಟೆ ನೀರಿನ ಮೇಲ್ಪದರದಲ್ಲಿ ತೇಲುತ್ತದೆ. 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಭ್ರೂಣ ಬೆಳೆಯಲು ಎರಡು-ಮೂರು ವಾರ ಬೇಕು. ನೀರು ತಣ್ಣಗಾದಷ್ಟೂ ತಡ. ಹೊರಬಂದ ಮರಿ 4-5 ಮಿ.ಮೀ. ಉದ್ದ, ಆಹಾರ ಹಿಡಿಯಲು ಬಾಯಿ ಇನ್ನೂ ಸಿದ್ಧವಿಲ್ಲ. ಹೊಟ್ಟೆಗಂಟಿದ ಹಳದಿ ಚೀಲವೇ ಅದರ ಬುತ್ತಿ, ಅದೂ ವಾರದಷ್ಟಕ್ಕೆ. ಅದು ಮುಗಿಯುವಷ್ಟರಲ್ಲಿ ಕೋಪೆಪಾಡ್ ಎಂಬ ಸೂಕ್ಷ್ಮ ಜೀವಿಗಳ ಮರಿಗಳು ಸಿಗದಿದ್ದರೆ ಸಾವೇ ಗತಿ. ಈ ಹಂತವೇ ಮುಂದಿನ ವರ್ಷಗಳ ಮೀನುಬೆಳೆಯನ್ನು ನಿರ್ಧರಿಸಬಹುದೆಂದು ನಾರ್ವೆಯ ವಿಜ್ಞಾನಿ ಯೋಹಾನ್ ಯೊರ್ಟ್ 1914ರಲ್ಲೇ ಹೇಳಿದ್ದರು.

ಮರಿಗಳನ್ನು ನಾವೇ ಮಾಡಿ ಬಿಟ್ಟರಾಯಿತಲ್ಲ ಎನ್ನಬಹುದು. ನಾರ್ವೆಯ ಫ್ಲೋದೆವಿಗನ್ ಕೇಂದ್ರ 1880ರ ದಶಕದಿಂದ 1971ರವರೆಗೆ ಅದನ್ನೇ ಮಾಡಿತು, ಹಳದಿ ಚೀಲದ ಮರಿಗಳನ್ನು ಕೋಟಿಗಟ್ಟಲೆ ಕಡಲಿಗೆ ಬಿಟ್ಟಿತು. ಮೀನು ಹೆಚ್ಚಿತೆಂಬುದಕ್ಕೆ ಸ್ಪಷ್ಟ ಪುರಾವೆ ಸಿಗಲಿಲ್ಲ. ಹಸಿವೊಂದೇ ಕೊಲ್ಲುವುದಿಲ್ಲ, ಬೇಟೆಗಾರ ಮೀನುಗಳೂ ಇವೆಯಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಹೊಟ್ಟೆ ತುಂಬದ ಮರಿ ನಿಧಾನ ಬೆಳೆಯುತ್ತದೆ, ಹೆಚ್ಚು ದಿನ ಇತರರ ಬಾಯಿಗೆ ಸಿಗುವಷ್ಟು ಚಿಕ್ಕದಾಗಿಯೇ ಉಳಿಯುತ್ತದೆ. ಹಾಗಾದರೆ ತಾಯಿ ಮೀನು ಎಷ್ಟಿದ್ದರೇನು ಎನ್ನುವುದು ಮಾತ್ರ ತಪ್ಪು ತೀರ್ಮಾನ. ದೊಡ್ಡ ಹೆಣ್ಣುಗಳು ಹೆಚ್ಚು ದಿನ, ದಪ್ಪ ಮೊಟ್ಟೆಗಳನ್ನು ಇಡುತ್ತವೆ. ಕೆಲವು ಮರಿಗಳಾದರೂ ಆಹಾರದ ಹೊತ್ತಿಗೆ ಹುಟ್ಟುವ ಅವಕಾಶ ಹೆಚ್ಚುತ್ತದೆ. ಲಕ್ಷ ಮರಿ ಬಿಡುವುದಕ್ಕಿಂತ ಇಂಥ ಹಿರಿಯ ಮೀನುಗಳನ್ನು ಬಲೆಯಿಂದ ಉಳಿಸುವುದೇ ಜಾಣತನ.