ಕನ್ನಡದಲ್ಲಿ ಸತ್ಯವೇದದ ವ್ಯಾಖ್ಯಾನ

ಕ್ರೈಸ್ತರ ಧರ್ಮಗ್ರಂಥವಾದ ಸತ್ಯವೇದವು ಕನ್ನಡಕ್ಕೆ ಬಂದ ಕಥೆಯನ್ನು ನಮ್ಮ ಸಾಹಿತ್ಯಚರಿತ್ರಕಾರರು ಅಲ್ಲಲ್ಲಿ ಹೇಳಿರುವರು. ಆ ಗ್ರಂಥಕ್ಕೆ ಕನ್ನಡದಲ್ಲಿ ಆದ್ಯಂತವಾದ ವ್ಯಾಖ್ಯಾನವನ್ನು ರಚಿಸುವ ಕಾರ್ಯವು ಎಂತಹುದು, ಅದಕ್ಕೆ ದೀರ್ಘಕಾಲವೇಕೆ ಬೇಕು, ಅದರ ಮುನ್ನಡೆಯನ್ನು ಯಾವ ಅಳತೆಯಿಂದ ತಿಳಿಯಬೇಕು ಎಂಬ ಪ್ರಶ್ನೆಗಳೂ ಅಷ್ಟೇ ವಿಚಾರಾರ್ಹವಾಗಿವೆ. ಇಂಗ್ಲಿಷಿನ ಒಳ್ಳೆಯ ಟೀಕೆಯೊಂದನ್ನು ಭಾಷಾಂತರಿಸಿಕೊಂಡರೆ ಸಾಲದೇ ಎಂದು ಕೇಳುವವರುಂಟು. ಸಾಲದೆಂಬುದೇ ಈ ಲೇಖನದ ಪ್ರತಿಪಾದ್ಯವಾಗಿರುವುದು.

ಮೊದಲು ಮೂಲಪಾಠದ ವಿಚಾರ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು ಭಾಷಾಂತರವನ್ನು ಕೈಕೊಂಡರು. ವಿಲಿಯಂ ರೀವ್ ಮೊದಲಾದವರ ನೆರವಿನಿಂದ ಸಮಗ್ರ ಗ್ರಂಥವು ಅಚ್ಚಾಗಿ ಮುಗಿಯುವ ಹೊತ್ತಿಗೆ 1831 ಆಗಿತ್ತು. ಆದರೂ ಆ ಪಾಠವು ಸ್ಥಿರವಾಗಲಿಲ್ಲ. ಅದನ್ನು ತಿದ್ದುವ ಕಾರ್ಯದಲ್ಲಿ ದುಡಿದ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಕಾರ್ಯವನ್ನು ಇತರರು ಮುಂದುವರಿಸಿದರು. ಬೆಂಗಳೂರಿನ ಬೆಂಜಮಿನ್ ರೈಸ್ ಅವರೂ ಈ ಪರಿಷ್ಕರಣದಲ್ಲಿ ಭಾಗಿಗಳು. ಇವರ ಮಗನೇ ನಮ್ಮ ಶಾಸನಗಳನ್ನು ಸಂಪಾದಿಸಿದ ಬಿ. ಎಲ್. ರೈಸ್. ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಪರಿಷ್ಕರಣ, ಅನಂತರ ಹೊಸ ಭಾಷಾಂತರಗಳು ಬಂದವು. ಪಾಠವು ಬದಲಾದಾಗಲೆಲ್ಲ ಅದನ್ನು ಅವಲಂಬಿಸಿದ ಟಿಪ್ಪಣಿಯೂ ಬದಲಾಗಬೇಕಾಗುವುದಷ್ಟೆ.

ಇಷ್ಟೇ ಅಲ್ಲ. ಭಾಷಾಂತರವು ತನ್ನಲ್ಲಿಯೇ ವ್ಯಾಖ್ಯಾನವನ್ನು ಗರ್ಭೀಕರಿಸಿಕೊಂಡಿರುತ್ತದೆ. ಯೋಹಾನನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಸ್ನಾನಿಕನಾದ ಯೋಹಾನನು ಯೇಸುವನ್ನು ತೋರಿಸಿ ಹೇಳುವ ಮಾತಿನಲ್ಲಿ ಗ್ರೀಕ್ ಮೂಲವು 'ದೇವರ ಕುರಿಮರಿ' ಎಂದಷ್ಟೇ ಇರುವುದು. ಬಹುಕಾಲ ಬಳಕೆಯಲ್ಲಿರುವ ಕನ್ನಡ ಪಾಠವು ಇದಕ್ಕೆ 'ಯಜ್ಞ', 'ನೇಮಕ' ಎಂಬ ಎರಡು ಭಾವಗಳನ್ನು ಕೂಡಿಸಿರುವುದು. ಭಾಷಾಂತರಕಾರರು ಇದನ್ನು ಅವಿಚಾರದಿಂದ ಮಾಡಿದರೆಂದು ಹೇಳಲಾಗದು. ಬರಿಯ 'ಕುರಿ' ಎಂಬ ಶಬ್ದವು ಕನ್ನಡಿಗನ ಕಿವಿಗೆ ಮೂಢನೆಂಬರ್ಥವನ್ನೂ ಕೊಡಬಲ್ಲುದು. ಆದರೆ 'ಯಜ್ಞ'ವೆಂದೊಡನೆ ವೈದಿಕ ಸಂಪ್ರದಾಯದ ಒಂದು ಲೋಕವೇ ಎದುರು ನಿಲ್ಲುವುದು. ಕಿಟ್ಟೆಲರು ಯಜ್ಞದ ವಿಚಾರವಾಗಿಯೇ 1872ರಲ್ಲಿ ಒಂದು ಪುಸ್ತಕವನ್ನು ಬರೆದುದು ಈ ಶಬ್ದದ ತೂಕವನ್ನು ಸೂಚಿಸುತ್ತದೆ. ಇಂಗ್ಲಿಷ್ ಟೀಕೆಯಲ್ಲಿ ಈ ಸಮಸ್ಯೆಯ ಸುಳಿವೇ ಇರುವುದಿಲ್ಲ. ಏಕೆಂದರೆ ಇಂಗ್ಲಿಷ್ ಪಾಠದಲ್ಲಿ ಆ ಶಬ್ದವೇ ಇಲ್ಲ.

ಇದೇ ಸುವಾರ್ತೆಯ ಆರಂಭದಲ್ಲಿ ಬರುವ 'ವಾಕ್ಯ'ವೆಂಬುದೂ ಹೀಗೆಯೇ. ಗ್ರೀಕಿನ 'ಲೋಗೊಸ್' ಎಂಬುದಕ್ಕೆ ಮಾತು, ವಿಚಾರ, ಬುದ್ಧಿ ಎಂಬ ಅರ್ಥಗಳುಂಟು. ಅದರ ಹಿಂದಿರುವ ಹೀಬ್ರೂ 'ದಾಬಾರ್' ಎಂಬುದಕ್ಕೆ ಮಾತು ಮಾತ್ರವಲ್ಲದೆ ಕಾರ್ಯವೆಂದೂ ಅರ್ಥವುಂಟು. ನಮ್ಮ ವಿದ್ಯಾರ್ಥಿಗೆ 'ವಾಕ್ಯ'ವೆಂದರೆ ಕರ್ತೃ ಕರ್ಮ ಕ್ರಿಯಾಪದಗಳ ಸಮುದಾಯ. ಪಂಡಿತರಿಗೆ ಭರ್ತೃಹರಿಯ ಶಬ್ದಬ್ರಹ್ಮದ ನೆನಪು. ಈ ಎರಡರಿಂದಲೂ ಇದನ್ನು ಬೇರ್ಪಡಿಸಿ ತೋರಿಸತಕ್ಕವನು ಕನ್ನಡದ ವ್ಯಾಖ್ಯಾನಕಾರನೇ ಹೊರತು ಅನ್ಯನಲ್ಲ.

ಮತ್ತೊಂದು ಸ್ಥಳವನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸೋಣ. ಧರ್ಮೋಪದೇಶಕಾಂಡದ 11ನೆಯ ಅಧ್ಯಾಯದ 10ರಿಂದ 14ರವರೆಗಿನ ವಚನಗಳಲ್ಲಿ ಮೋಶೆಯು ಐಗುಪ್ತವನ್ನೂ ಕಾನಾನನ್ನೂ ಹೋಲಿಸುವನು. ಮೊದಲನೆಯದು ಕಾಯಿಪಲ್ಯದ ತೋಟದಂತೆ ಕಾಲಿನಿಂದ ನೀರು ಹಾಯಿಸುವ ನೆಲ. ಎರಡನೆಯದು ಆಕಾಶದ ಮಳೆಯನ್ನು ಕುಡಿಯುವ ನೆಲ. ಕಾಲಿನಿಂದ ನೀರು ಹಾಯಿಸುವುದೆಂದರೇನೆಂದು ಪಾಶ್ಚಾತ್ಯ ಟೀಕಾಕಾರರು ಬಹಳವಾಗಿ ಚರ್ಚಿಸಿರುವರು. ಚಿತ್ರದುರ್ಗ ಸೀಮೆಯ ಭೀಮಸಮುದ್ರದಂತಹ ಊರಿನ ರೈತನಿಗೆ ಇದು ಒಗಟಲ್ಲ. ಕಾಲುವೆಯ ಮಣ್ಣನ್ನು ಕಾಲಿನಿಂದ ಸರಿಸಿ ನೀರನ್ನು ಮಡಿಯಿಂದ ಮಡಿಗೆ ತಿರುಗಿಸುವುದನ್ನು ಅವನು ಬಲ್ಲನು. ಏತವನ್ನು ತುಳಿದು ನೀರೆತ್ತುತ್ತಿದ್ದ ಕಾಲವನ್ನೂ ಹಿರಿಯರಿಂದ ಕೇಳಿರುವನು. ಅಲ್ಲಿಯ ಕೆರೆ, ಅಡಕೆಯ ತೋಟಗಳು ಒಂದು ಕಡೆ, ಹಿರಿಯೂರು ಹೊಸದುರ್ಗಗಳ ಕಡೆಯ ಮಳೆಯಾಧಾರದ ಹೊಲಗಳು ಇನ್ನೊಂದು ಕಡೆ; ಮೋಶೆಯ ಹೋಲಿಕೆಯು ಒಂದೇ ಜಿಲ್ಲೆಯಲ್ಲಿ ಕಣ್ಣಿಗೆ ಕಟ್ಟುವಂತಿದೆ. ತೋಟದವನ ನೆಚ್ಚಿಕೆ ಕೆರೆಯ ಮೇಲೆ, ಹೊಲದವನ ನೆಚ್ಚಿಕೆ ಮುಗಿಲಿನ ಮೇಲೆ ಎಂದರೆ ವಚನದ ತಾತ್ಪರ್ಯವು ಕರತಲಾಮಲಕವಾಗುವುದು.

ಇಷ್ಟರವರೆಗೆ ನಾಡಿನ ಅನುಭವವು ಸಹಾಯಕವಾಯಿತು. ಮುಂದಿನ ವಚನದಲ್ಲಿ ಅದೇ ಅನುಭವವು ದಾರಿ ತಪ್ಪಿಸುವುದು. ಹೀಬ್ರೂವಿನ 'ಯೋರೆ', 'ಮಲ್ಕೋಷ್' ಎಂಬ ಎರಡು ಮಳೆಗಳನ್ನು ಕನ್ನಡ ಪಾಠವು 'ಮುಂಗಾರು', 'ಹಿಂಗಾರು' ಎಂದಿರುವುದು. ಶಬ್ದಗಳು ರಮ್ಯವಾಗಿವೆ, ಕ್ರಮವೂ ಸರಿಯಾಗಿದೆ. ಕಾಲ ಮಾತ್ರ ಬೇರೆ. ಪಾಲೆಸ್ತೀನದಲ್ಲಿ ಮೊದಲ ಮಳೆಯು ಅಕ್ಟೋಬರ್ ನವೆಂಬರುಗಳಲ್ಲಿ ಬಿದ್ದು ಬಿತ್ತನೆಗೆ ನೆಲವನ್ನು ಹದಗೊಳಿಸುವುದು. ಕಡೆಯ ಮಳೆಯು ಮಾರ್ಚ್ ಏಪ್ರಿಲುಗಳಲ್ಲಿ ಬಂದು ತೆನೆಯನ್ನು ತುಂಬಿಸುವುದು. ಬೇಸಗೆಯು ಬಹುಮಟ್ಟಿಗೆ ಮಳೆಯಿಲ್ಲದ ಕಾಲ. ಅಂದರೆ ಅವರ ಮುಂಗಾರು ಬೀಳುವುದು ನಮ್ಮ ಹಿಂಗಾರಿನ ತಿಂಗಳುಗಳಲ್ಲಿ! ಇದನ್ನರಿಯದೆ ಸಮುವೇಲನ ಮೊದಲನೆಯ ಗ್ರಂಥದ 12ನೆಯ ಅಧ್ಯಾಯವನ್ನು ಓದಿದರೆ ಅಲ್ಲಿಯ ಮರ್ಮವೇ ಕೈಬಿಡುವುದು. ಗೋದಿಯ ಸುಗ್ಗಿಯಲ್ಲಿ ಸಮುವೇಲನು ಬೇಡಿದಾಗ ಗುಡುಗು ಮಳೆಗಳು ಬಂದು ಜನರು ಭಯಪಟ್ಟರೆಂದು ಅಲ್ಲಿದೆ. ಅದು ಮೇ ತಿಂಗಳ ಆಸುಪಾಸು. ಆ ತಿಂಗಳಲ್ಲಿ ಗುಡುಗಿನ ಮಳೆಯನ್ನು ಎದುರುನೋಡುವ ನಮ್ಮ ರೈತನಿಗೆ ಅದರಲ್ಲಿ ಭಯವಾಗಲಿ ಆಶ್ಚರ್ಯವಾಗಲಿ ತೋರಲಾರದು.

ಆದುದರಿಂದ ಕನ್ನಡ ವ್ಯಾಖ್ಯಾನವು ಎರಡು ಮೂಲಗಳಿಗೆ ಬದ್ಧವಾದುದು: ಹೀಬ್ರೂ ಗ್ರೀಕ್ ಪಾಠಗಳಿಗೆ ಎಷ್ಟೋ, ಓದುಗನ ಕೈಯಲ್ಲಿರುವ ಕನ್ನಡ ಪಾಠಕ್ಕೂ ಅಷ್ಟೇ. ಇದು ಶೀಘ್ರವಾಗಿ ಆಗತಕ್ಕ ಕೆಲಸವಲ್ಲ. ಸತ್ಯವೇದದ 66 ಗ್ರಂಥಗಳಲ್ಲಿ ಸುಮಾರು 31,100 ವಚನಗಳಿವೆ. ದಿನಕ್ಕೊಂದರಂತೆ ವಿವರಿಸಿದರೆ 85 ವರ್ಷಗಳು ಬೇಕು. ವರ್ಷಕ್ಕೆ 300 ದಿನ, ದಿನಕ್ಕೆ ಹತ್ತು ವಚನಗಳಂತೆ ನಡೆದರೂ ಹತ್ತು ವರ್ಷಗಳು ಮೀರುವುವು. ಮ್ಯಾಥ್ಯೂ ಹೆನ್ರಿಯು 1704ರಲ್ಲಿ ತನ್ನ ಪ್ರಸಿದ್ಧ ಟೀಕೆಯನ್ನು ಪ್ರಾರಂಭಿಸಿ, ಅಪೊಸ್ತಲರ ಕೃತ್ಯಗಳನ್ನು ಮುಗಿಸಿ, 1714ರಲ್ಲಿ ತೀರಿಕೊಂಡನು. ಉಳಿದುದನ್ನು ಬೇರೆಯವರು ಪೂರೈಸಿದರು.

ಇಂತಹ ದೀರ್ಘೋದ್ಯಮವು ನಮ್ಮ ನಾಡಿಗೆ ಹೊಸದಲ್ಲ. ವೀರಸೇನಾಚಾರ್ಯರು ಧವಳಾಟೀಕೆಯನ್ನು 816ರಲ್ಲಿ ಮುಗಿಸಿ ಜಯಧವಳೆಯನ್ನು ಆರಂಭಿಸಿದರು; ಅದು ಅಪೂರ್ಣವಾಗಿ ನಿಂತಾಗ ಶಿಷ್ಯರಾದ ಜಿನಸೇನರು 837ರಲ್ಲಿ ಪೂರ್ಣಗೊಳಿಸಿದರು. ಮೂಡಬಿದಿರೆಯ ತಾಳೆಗರಿಗಳು ಅವನ್ನು ಕಾಪಾಡಿಕೊಟ್ಟುವು. ಕೇಶವವರ್ಣಿಯು 1359ರಲ್ಲಿ ಗೊಮ್ಮಟಸಾರಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಮುಂದೆ ಸಂಸ್ಕೃತ ಟೀಕೆಯೇ ಅದನ್ನು ಆಶ್ರಯಿಸಿತು. ಕನ್ನಡ ವ್ಯಾಖ್ಯಾನವು ಇನ್ನೊಂದು ಭಾಷೆಯ ಟೀಕೆಯ ನೆರಳಾಗಿಯೇ ಇರಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ಬೇಡ.

ಹಾಗಾದರೆ ಮುನ್ನಡೆಯ ಅಳತೆ ಯಾವುದು? ಬರೆದ ಪುಟಗಳ ಲೆಕ್ಕವಲ್ಲ. ಇತ್ಯರ್ಥವಾದ ಶಬ್ದಗಳ ಲೆಕ್ಕ. 'ಯಜ್ಞ', 'ವಾಕ್ಯ', 'ಕೃಪೆ', 'ನೀತಿ', 'ಆತ್ಮ' ಮುಂತಾದ ಶಬ್ದಗಳಿಗೆ ಒಂದೊಂದು ಪತ್ರವನ್ನಿಟ್ಟು, ಅವು ಬರುವ ಸ್ಥಳಗಳನ್ನೂ ಅಲ್ಲಿ ನಿಶ್ಚಯಿಸಿದ ಅರ್ಥವನ್ನೂ ಗುರುತಿಸಿಕೊಂಡು ಹೋದರೆ, ಆದಿಕಾಂಡದಲ್ಲಿ ಹೇಳಿದುದಕ್ಕೆ ರೋಮಾಪುರದವರ ಪತ್ರಿಕೆಯಲ್ಲಿ ವಿರೋಧ ಬಾರದು. ಬರೆಯುವವನು ನಡುವೆ ನಿಂತುಹೋದರೂ ಮುಂದಿನವನಿಗೆ ಆ ಪತ್ರಗಳು ಕೈದೀಪವಾಗುವುವು. ಈ ಕೆಲಸದಲ್ಲಿ ಸಭೆಯ ಉಪದೇಶಕರಿಗೆ ಎಷ್ಟು ಪಾಲಿದೆಯೋ ಕನ್ನಡ ಅಧ್ಯಾಪಕರಿಗೂ ಅಷ್ಟಿದೆ. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿಕೊಟ್ಟ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಬೋಧಕರಾಗಿದ್ದರು. ಕನ್ನಡದ ಆ ಋಣವನ್ನು ಕನ್ನಡ ವಿದ್ವಾಂಸರು ಈ ಮಾರ್ಗದಲ್ಲಿ ತೀರಿಸಬಹುದಾಗಿದೆ.